ಬಾದಾಮಿಯಿಂದ ಫ್ರೆಸ್ನೋಗೆ: ಎಲ್-1ಎ ಹಿಡಿಯಲೋ, ಓ-1ಎ ಹಿಡಿಯಲೋ?

ಬಾದಾಮಿ ಹನಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಇಲ್ಲಿ ಸುಮ್ಮನೆ ಓದಿಕೊಂಡಿದ್ದವನು, ಬರೆಯುತ್ತಿರುವುದು ಇದೇ ಮೊದಲು, ಅಮೆರಿಕದ ವೀಸಾ ಬಗ್ಗೆ ಕೇಳಲು. ಊರು ಬಾದಾಮಿ, ಕಂಪನಿ ಇರುವುದು ಹುಬ್ಬಳ್ಳಿಯಲ್ಲಿ. ಮಣ್ಣಿನ ತೇವ ಅಳೆಯುವ ಸೆನ್ಸರ್‌ಗಳ ಮಾಹಿತಿಯನ್ನು ಓದಿ, ತೋಟದ ಯಾವ ಸಾಲಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ಹೇಳುವ ಸಾಫ್ಟ್‌ವೇರ್ ನಮ್ಮದು. ವಿಜಯಪುರದ ದ್ರಾಕ್ಷಿ, ಬಾಗಲಕೋಟೆಯ ದಾಳಿಂಬೆಗೆಂದು ಶುರು ಮಾಡಿದೆವು. ಹೊಗಳಿದವರು ಇಲ್ಲಿ ಸಿಕ್ಕರು, ಹಣ ಕೊಡುವವರು ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಫ್ರೆಸ್ನೋ ಸುತ್ತಮುತ್ತ. ಅವರು ಬೆಳೆಯುವುದು ಬಾದಾಮಿ. ಹೌದು, ನಗಬಹುದು. ಜಗತ್ತಿನ ಬಾದಾಮಿಯಲ್ಲಿ ಸುಮಾರು ಶೇ 80ರಷ್ಟು ಬರುವುದು ಆ ಒಂದು ರಾಜ್ಯದಿಂದ. 2014ರಲ್ಲಿ ಅಲ್ಲಿ ಅಂತರ್ಜಲಕ್ಕೆಂದು ಕಾನೂನು ಬಂದ ಮೇಲೆ ಪ್ರತಿ ಹನಿಗೂ ಲೆಕ್ಕ ಇಡುವ ಒತ್ತಡ ಬೆಳೆಗಾರರ ಮೇಲಿದೆ. ಅದೇ ನಮ್ಮ ವ್ಯಾಪಾರ.

ಹುಬ್ಬಳ್ಳಿಯಲ್ಲಿ 14 ಜನ ಇದ್ದೇವೆ. ಖಾಸಗಿ ಕಂಪನಿಯಲ್ಲಿ ನನ್ನ ಪಾಲು 60, ಗೆಳೆಯನದು 40. ಹೋದ ವರ್ಷ ಅಮೆರಿಕದ ಡೆಲವೇರ್‌ನಲ್ಲಿಯೂ ಆನ್‌ಲೈನ್ ಮೂಲಕ ಒಂದು ಕಂಪನಿ ನೋಂದಾಯಿಸಿದೆವು. ಅಲ್ಲಿಯೂ ನಮ್ಮಿಬ್ಬರ ಸ್ವಂತ ಹೆಸರಿನಲ್ಲಿ 60-40. ಈಗ ಅಲ್ಲಿಯ ಒಬ್ಬ ಹೂಡಿಕೆದಾರರು 4 ಲಕ್ಷ ಡಾಲರ್ ಹಾಕಲು ಒಪ್ಪಿದ್ದಾರೆ. ಷರತ್ತು ಒಂದೇ: ನಾನು ಅಲ್ಲಿ ಇರಬೇಕು.

ವಕೀಲರಿಬ್ಬರನ್ನು ಕೇಳಿದೆ. ಒಬ್ಬರು ಎಲ್-1ಎ (ಕಂಪನಿಯೊಳಗಿನ ವರ್ಗಾವಣೆಯ ವೀಸಾ) ಎನ್ನುತ್ತಾರೆ, ಇನ್ನೊಬ್ಬರು ಓ-1ಎ (ಅಸಾಧಾರಣ ಸಾಮರ್ಥ್ಯದವರ ವೀಸಾ) ಎನ್ನುತ್ತಾರೆ. ಇಬ್ಬರೂ ತಮ್ಮದೇ ಸರಿ ಎಂದು ಗಂಟೆಯ ಲೆಕ್ಕದಲ್ಲಿ ಹಣ ತೆಗೆದುಕೊಂಡು ಹೇಳಿದರು. ನನ್ನ ಬಳಿ ಇರುವುದು: ರಾಜ್ಯ ಸರ್ಕಾರ ಸ್ಟಾರ್ಟಪ್‌ಗಳಿಗೆ ಕೊಡುವ ಎಲಿವೇಟ್ ಅನುದಾನ, ಎರಡು ಸಂಶೋಧನಾ ಲೇಖನ, ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟದ ಒಂದು ವರದಿ. ಮದುವೆಯಾಗಿದೆ, ನಾಲ್ಕು ವರ್ಷದ ಮಗಳಿದ್ದಾಳೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಗಾಂಧಿಬಜಾರ್ ದೋಸೆ

ಬಾದಾಮಿಯವರು ಬಾದಾಮಿಗೆ ನೀರು ಬಿಡಲು ಏಳು ಸಮುದ್ರ ದಾಟಬೇಕಾಯಿತೇ! ಶುಭವಾಗಲಿ. ನನಗೆ ವೀಸಾದ ಗಂಧ ಗಾಳಿ ಇಲ್ಲ, ಓದಲು ಕೂತಿದ್ದೇನೆ.

ಸನ್ನಿವೇಲ್ ಸಂಪಿಗೆ

ನಾನು ಓ-1ಎ ಪಡೆದವಳು. ಹೇಳುತ್ತೇನೆ ಕೇಳಿ.

"ಅಸಾಧಾರಣ ಸಾಮರ್ಥ್ಯ" ಎಂಬ ಹೆಸರು ನೋಡಿ ಹೆದರುವವರು ಹೆಚ್ಚು, ಉಬ್ಬುವವರೂ ಹೆಚ್ಚು. ಎರಡೂ ಬೇಡ. ಎಂಟು ಮಾನದಂಡಗಳಿವೆ: ಪ್ರಶಸ್ತಿ, ಸಾಧಕರಿಗಷ್ಟೇ ತೆರೆದಿರುವ ಸಂಘದ ಸದಸ್ಯತ್ವ, ನಿಮ್ಮ ಬಗ್ಗೆ ಪ್ರಮುಖ ಮಾಧ್ಯಮದಲ್ಲಿ ಬಂದ ಬರಹ, ಬೇರೆಯವರ ಕೆಲಸಕ್ಕೆ ತೀರ್ಪುಗಾರರಾಗಿದ್ದುದು, ಕ್ಷೇತ್ರಕ್ಕೆ ಕೊಟ್ಟ ಹೊಸ ಕೊಡುಗೆ, ವಿದ್ವತ್ ಲೇಖನ, ಹೆಸರಾಂತ ಸಂಸ್ಥೆಯಲ್ಲಿ ನಿರ್ಣಾಯಕ ಪಾತ್ರ, ಹೆಚ್ಚಿನ ಸಂಬಳ. ಕನಿಷ್ಠ ಮೂರಕ್ಕೆ ಪುರಾವೆ ಬೇಕು. ಮೂರು ಗುರುತು ಬಿದ್ದವು ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಟ್ಟಾರೆ ನೋಡಿದಾಗ ನೀವು ಆ ಕ್ಷೇತ್ರದ ಮುಂಚೂಣಿಯವರೇ ಎಂಬುದನ್ನು ಅಧಿಕಾರಿ ಮತ್ತೊಮ್ಮೆ ತೂಗುತ್ತಾರೆ.

ಲಾಟರಿ ಇಲ್ಲ, ವಾರ್ಷಿಕ ಮಿತಿ ಇಲ್ಲ. ಮೊದಲ ಸಲ ಮೂರು ವರ್ಷದವರೆಗೆ ಸಿಗುತ್ತದೆ. ನಿಮ್ಮ ಅರ್ಜಿಯನ್ನು ನೀವೇ ಹಾಕಿಕೊಳ್ಳುವಂತಿಲ್ಲ, ಆದರೆ ನಿಮ್ಮದೇ ಕಂಪನಿ ನಿಮ್ಮ ಪರವಾಗಿ ಹಾಕಬಹುದು. ಇದನ್ನು 2025ರ ಜನವರಿಯಲ್ಲಿ ವಲಸೆ ಇಲಾಖೆಯೇ ತನ್ನ ನೀತಿ ಕೈಪಿಡಿಯಲ್ಲಿ ಬಿಡಿಸಿ ಬರೆದಿದೆ.

ನಿಮ್ಮ ಕನ್ನಡ ಪತ್ರಿಕೆಯ ವರದಿಯನ್ನು ಖಂಡಿತ ಹಾಕಿ. ಬೇರೆ ಭಾಷೆಯ ಯಾವ ಕಾಗದಕ್ಕೂ ಪೂರ್ತಿ ಇಂಗ್ಲಿಷ್ ಅನುವಾದ, ಜೊತೆಗೆ "ನನಗೆ ಎರಡೂ ಭಾಷೆ ಬರುತ್ತದೆ, ಇದು ಸರಿಯಾಗಿದೆ" ಎಂಬ ಅನುವಾದಕರ ಸಹಿ ಪತ್ರ ಬೇಕು. ಪ್ರಸಾರ ಸಂಖ್ಯೆಯ ದಾಖಲೆಯನ್ನೂ ಲಗತ್ತಿಸಿ, ಇಲ್ಲದಿದ್ದರೆ ಅದು ಪ್ರಮುಖ ಮಾಧ್ಯಮ ಎಂದು ಅಲ್ಲಿಯವರಿಗೆ ಹೇಗೆ ತಿಳಿಯಬೇಕು? ನನ್ನ ವರದಿಯ ಶೀರ್ಷಿಕೆ "ಹಳ್ಳಿ ಹುಡುಗಿಯ ಗಗನದ ಹಾರಾಟ" ಎಂದಿತ್ತು. ಅನುವಾದಕರು ಅದನ್ನು ಅಕ್ಷರಶಃ ಇಳಿಸಿ, ನಾನು ವಿಮಾನ ಚಾಲಕಿ ಎಂದು ಅಧಿಕಾರಿಗೆ ಅನ್ನಿಸುವಂತೆ ಮಾಡಿದ್ದರು. ವಕೀಲರು ಕೇಳಿದ್ದಕ್ಕೆ ಗೊತ್ತಾಯಿತು.

ಇನ್ನೊಂದು ಎಚ್ಚರಿಕೆ. ಹಣ ಕಟ್ಟಿದರೆ ಪ್ರಶಸ್ತಿ, ಹಣ ಕಟ್ಟಿದರೆ ತೀರ್ಪುಗಾರರ ಕುರ್ಚಿ ಎಂದು ಮಾರುವವರು ಲಿಂಕ್ಡ್‌ಇನ್‌ನಲ್ಲಿ ದಿನಕ್ಕೆ ಇಬ್ಬರು ಬರುತ್ತಾರೆ. ಹತ್ತಿರ ಸೇರಿಸಬೇಡಿ. ಸುಳ್ಳು ಪುರಾವೆ ಒಮ್ಮೆ ಕಡತ ಸೇರಿದರೆ ಮುಂದಿನ ಪ್ರತಿಯೊಂದು ಅರ್ಜಿಗೂ ಅದು ಬೆನ್ನು ಬಿಡದ ಬೇತಾಳ.

ಬಾದಾಮಿ ಹನಿ

ಧನ್ಯವಾದ ಅಕ್ಕ. ಎಲಿವೇಟ್ ಅನುದಾನ ಪ್ರಶಸ್ತಿ ಎಂದು ನಡೆಯುತ್ತದೆಯೇ?

ಸನ್ನಿವೇಲ್ ಸಂಪಿಗೆ

ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರನ್ನು ಆರಿಸಿದರು, ಆರಿಸಿದ ಸಮಿತಿಯಲ್ಲಿ ಯಾರಿದ್ದರು ಎಂಬುದನ್ನು ತೋರಿಸಿದರೆ ವಾದಿಸಬಹುದು. ಬರೀ ಮಂಜೂರಾತಿ ಪತ್ರ ಸಾಲದು.

ಎರಡನೇ ಇನಿಂಗ್ಸ್

ನಾನು ಎಲ್-1ಎ ಪಡೆದವನು, ಕಳೆದುಕೊಂಡವನು ಕೂಡ. ಸ್ವಲ್ಪ ಉದ್ದ ಬರೆಯುತ್ತೇನೆ, ಏಕೆಂದರೆ ಪಡೆದವರು ಮಾತ್ರ ಬರೆಯುತ್ತಾರೆ, ಕಳೆದುಕೊಂಡವರು ಬರೆಯುವುದಿಲ್ಲ.

ಎಲ್-1ಎ ಎಂದರೆ ಒಂದೇ ಕುಟುಂಬದ ಎರಡು ಕಂಪನಿಗಳ ನಡುವಿನ ವರ್ಗಾವಣೆ. ಹಿಂದಿನ ಮೂರು ವರ್ಷಗಳಲ್ಲಿ ಒಂದು ಪೂರ್ಣ ವರ್ಷ ನೀವು ಹೊರದೇಶದ ಕಂಪನಿಯಲ್ಲಿ ವ್ಯವಸ್ಥಾಪಕ ಅಥವಾ ಕಾರ್ಯನಿರ್ವಾಹಕ ಹುದ್ದೆಯಲ್ಲಿ ಇದ್ದಿರಬೇಕು. ಅಮೆರಿಕದ ಕಚೇರಿ ಹೊಸದಾಗಿದ್ದರೆ ಮೊದಲು ಕೊಡುವುದು ಒಂದೇ ವರ್ಷ. ಆಮೇಲೆ ಎರಡೆರಡು ವರ್ಷದಂತೆ ಒಟ್ಟು ಏಳು. ಮೊದಲ ವರ್ಷ ಸಿಗುವುದು ಕಷ್ಟವಲ್ಲ. ಬಾಡಿಗೆ ಕರಾರು, ಕಚೇರಿಯ ಫೋಟೊ, ವ್ಯವಹಾರ ಯೋಜನೆ, ಬ್ಯಾಂಕಿನಲ್ಲಿ ಹಣ, ಎಲ್ಲ ಇಟ್ಟೆ. ಮಂಜೂರಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಚೆನ್ನೈ ಸಂದರ್ಶನದ ಹೆದರಿಕೆ ಇತ್ತು. ಅಲ್ಲಿ ಕೇಳಿದ್ದು ಎರಡೇ ಪ್ರಶ್ನೆ. "ಹುಬ್ಬಳ್ಳಿಯಂಥ ಊರಿನಲ್ಲಿ ನಿಮ್ಮ ಕೈಕೆಳಗೆ ಎಷ್ಟು ಜನ?" "ಅಲ್ಲಿ ಎಷ್ಟು ಜನರನ್ನು ತೆಗೆದುಕೊಳ್ಳುತ್ತೀರಿ?" ನನ್ನದು ಮೈಸೂರು, ಹುಬ್ಬಳ್ಳಿ ಎಂದು ನಿಮಗಾಗಿ ಬದಲಿಸಿ ಬರೆದೆ.

ಎಡವಿದ್ದು ವರ್ಷದ ಕೊನೆಗೆ. ವಿಸ್ತರಣೆಗೆ ಅರ್ಜಿ ಹಾಕಿದಾಗ ಪುರಾವೆ ಕೇಳುವ ಪತ್ರ ಬಂತು: ನೀವು ವ್ಯವಸ್ಥಾಪಕರು ಎನ್ನುತ್ತೀರಿ, ಯಾರನ್ನು ವ್ಯವಸ್ಥೆ ಮಾಡುತ್ತೀರಿ? ನಿಮ್ಮ ವಾರದ ಗಂಟೆಗಳನ್ನು ಕೆಲಸವಾರು ಬಿಡಿಸಿ ಕೊಡಿ. ನಮ್ಮಲ್ಲಿದ್ದುದು ನಾನು ಮತ್ತು ಅರೆಕಾಲಿಕ ಮಾರಾಟಗಾರ್ತಿ ಒಬ್ಬರು. ವಕೀಲರೊಂದಿಗೆ ಕೂತು ನನ್ನ ಕ್ಯಾಲೆಂಡರ್ ತೆರೆದೆವು. ಸೋಮವಾರ: ಗಿರಾಕಿಯ ಸರ್ವರ್ ಬಿದ್ದಿದ್ದು, ನಾನೇ ಎಬ್ಬಿಸಿದ್ದು. ಮಂಗಳವಾರ: ಕೋಡ್. ಬುಧವಾರ: ಕೋಡ್, ರಾತ್ರಿ ಬೆಂಬಲದ ಕರೆ. ಗುರುವಾರ: ಬಿಲ್ ಬರೆದು ಕಳಿಸಿದ್ದು. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ಸಂಸ್ಥಾಪಕ ಎಂದರೆ ಎಲ್ಲ ಕೆಲಸ ಮಾಡುವವನು ಎಂದು ನಾವು ಹೆಮ್ಮೆಪಡುತ್ತೇವೆ. ಆ ಹೆಮ್ಮೆಯೇ ಈ ವೀಸಾಗೆ ಶತ್ರು. ಕಾನೂನಿನ ಕಣ್ಣಿಗೆ ಕೈಯಾರೆ ಕೆಲಸ ಮಾಡುವವನು ಕೆಲಸಗಾರ. ಕೆಲಸ ಮಾಡಿಸುವವನು ವ್ಯವಸ್ಥಾಪಕ.

ತಿರಸ್ಕಾರವಾಯಿತು. ಮನೆ ಸಾಮಾನು ಮಾರಿ, ಕಾರನ್ನು ಅರ್ಧ ಬೆಲೆಗೆ ಕೊಟ್ಟು ವಾಪಸು ಬಂದೆವು.

ಆದ್ದರಿಂದ ಬಾದಾಮಿಯವರೇ, ನಿಮಗೊಂದೇ ಪ್ರಶ್ನೆ. ಈಗ ಕೋಡ್ ಯಾರು ಬರೆಯುತ್ತಾರೆ?

ಬಾದಾಮಿ ಹನಿ

ನಿಜ ಹೇಳುತ್ತೇನೆ. ಅರ್ಧ ನಾನೇ. ಸೆನ್ಸರ್ ಕೈಕೊಟ್ಟರೆ ಫ್ರೆಸ್ನೋ ರೈತರ ಕರೆ ಬರುವುದೂ ನನಗೇ, ರಾತ್ರಿ ಎರಡಕ್ಕೆ.

ಎರಡನೇ ಇನಿಂಗ್ಸ್

ಹಾಗಾದರೆ ಹೋಗುವ ಮುನ್ನವೇ ಆ ಎರಡನ್ನೂ ಹುಬ್ಬಳ್ಳಿಯವರಿಗೆ ಒಪ್ಪಿಸಿ. ಅಲ್ಲಿಗೆ ಹೋದ ಆರು ತಿಂಗಳೊಳಗೆ ಇಬ್ಬರನ್ನಾದರೂ ಪೂರ್ಣಾವಧಿಗೆ ತೆಗೆದುಕೊಳ್ಳುವ ಹಣ ಬೇರೆ ತೆಗೆದಿಡಿ. ಅದಿಲ್ಲದಿದ್ದರೆ ಒಂದು ವರ್ಷದ ಪ್ರವಾಸಕ್ಕೆ ಹೋಗಿ ಬಂದಂತೆ.

ಮಂಜಿನ ನಾಡು

ಅಮೆರಿಕವೇ ಏಕೆ ಎಂದು ಕೇಳಲು ಬಂದೆ, ಆದರೆ ಕೆನಡಾದವನಾಗಿ ನನಗೆ ಈಗ ಆ ಬಾಯಿ ಇಲ್ಲ. ಸ್ಟಾರ್ಟಪ್ ವೀಸಾ 2013ರಲ್ಲಿ ಪ್ರಯೋಗವಾಗಿ ಬಂದು 2018ರಲ್ಲಿ ಕಾಯಂ ಆಯಿತು. ಮಾನ್ಯತೆ ಪಡೆದ ಸಂಸ್ಥೆಯೊಂದರ ಬೆಂಬಲ ಪತ್ರ ಇದ್ದರೆ ನೇರವಾಗಿ ಕಾಯಂ ವಾಸ ಸಿಗುತ್ತಿತ್ತು. ಸಾಹಸ ಬಂಡವಾಳ ನಿಧಿಯಿಂದಾದರೆ 2 ಲಕ್ಷ ಕೆನಡಾ ಡಾಲರ್ ಹೂಡಿಕೆ, ಸ್ವಂತ ಹಣ ಹೂಡುವವರ ಏಂಜೆಲ್ ಗುಂಪಿನಿಂದಾದರೆ 75 ಸಾವಿರ. ಹೊಸ ಕಂಪನಿಗಳನ್ನು ಬೆಳೆಸುವ ಇನ್‌ಕ್ಯುಬೇಟರ್ ಆದರೆ ಹಣವೇ ಬೇಕಿರಲಿಲ್ಲ, ಸೇರಿಸಿಕೊಂಡರೆ ಸಾಕಿತ್ತು. ಆ ಕೊನೆಯ ಬಾಗಿಲಿನಲ್ಲಿ ನೂಕುನುಗ್ಗಲಾಯಿತು. ಪತ್ರ ಮಾರುವ ಅಂಗಡಿಗಳೂ ಹುಟ್ಟಿಕೊಂಡವು. 2024ರಲ್ಲಿ ಸಂಸ್ಥೆಯೊಂದಕ್ಕೆ ವರ್ಷಕ್ಕೆ ಹತ್ತೇ ಸ್ಟಾರ್ಟಪ್ ಎಂದು ಕಡಿವಾಣ ಹಾಕಿದರು. 2025ರ ಡಿಸೆಂಬರ್ ಕೊನೆಗೆ ಹೊಸ ಅರ್ಜಿಗಳಿಗೆ ಬಾಗಿಲನ್ನೇ ಮುಚ್ಚಿದರು.

ನನ್ನದು 2022ರ ಅರ್ಜಿ. ಕಂಪನಿ ತೀರಿಕೊಂಡಿತು, ಅರ್ಜಿ ಇನ್ನೂ ಬದುಕಿದೆ.

ಥೇಮ್ಸ್ ತೀರ

ಬ್ರಿಟನ್ನಿನ ಕಥೆಯನ್ನೂ ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ಇನ್ನೊವೇಟರ್ ಫೌಂಡರ್ ವೀಸಾ 2023ರ ಏಪ್ರಿಲ್‌ನಲ್ಲಿ ಬಂತು, ಹಳೆಯ 50 ಸಾವಿರ ಪೌಂಡ್ ಬಂಡವಾಳದ ಷರತ್ತು ಹೋಯಿತು. ಅನುಮೋದನಾ ಸಂಸ್ಥೆಗೆ 1,000 ಪೌಂಡ್ ಕಟ್ಟಬೇಕು, ಆಮೇಲೆ ಪ್ರತಿ ತಪಾಸಣಾ ಭೇಟಿಗೆ 500. ಸಂಗಾತಿ ಕೆಲಸ ಮಾಡಬಹುದು. ಅವಧಿ ಮೂರು ವರ್ಷ. ನಾನು ತೃಪ್ತನಾಗಿದ್ದೇನೆ. ಆದರೆ ಥೇಮ್ಸ್ ದಂಡೆಯಲ್ಲಿ ಬಾದಾಮಿ ತೋಟ ಇಲ್ಲ. ಗಿರಾಕಿ ಇಲ್ಲದ ಊರಿಗೆ ವೀಸಾ ಸುಲಭ ಎಂದು ಹೋದವರನ್ನು ಇಲ್ಲಿ ಬಹಳ ನೋಡಿದ್ದೇನೆ. ವರ್ಷದೊಳಗೆ ಬೇರೆಯವರ ಕಂಪನಿಯಲ್ಲಿ ಕೆಲಸಕ್ಕೆ ಸೇರಿರುತ್ತಾರೆ.

ಗಾಂಧಿಬಜಾರ್ ದೋಸೆ

ಎಸ್ಟೋನಿಯಾದ ಇ-ರೆಸಿಡೆನ್ಸಿ? ನೂರು ಚಿಲ್ಲರೆ ಯೂರೊ ಸಾಕು ಎಂದು ವಿಡಿಯೊದಲ್ಲಿ ನೋಡಿದೆ.

ಥೇಮ್ಸ್ ತೀರ

ಅದು ಡಿಜಿಟಲ್ ಗುರುತಿನ ಚೀಟಿ. ಕಂಪನಿ ನಡೆಸಬಹುದು, ಅಲ್ಲಿ ವಾಸಿಸುವ ಹಕ್ಕು ಬರುವುದಿಲ್ಲ. ಹೆಸರು ಮೋಸ ಮಾಡುತ್ತದೆ.

ಕ್ಯೂನಲ್ಲಿ ನಿಂತವನು

ಎಚ್-1ಬಿ ಬಗ್ಗೆ ಯಾರೂ ಮಾತೇ ಆಡಲಿಲ್ಲವಲ್ಲ. 2025ರ ಜನವರಿ 17ರಿಂದ ಹೊಸ ನಿಯಮ ಇದೆ: ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇರುವ ಸಂಸ್ಥಾಪಕನಿಗೂ ಅದೇ ಕಂಪನಿ ಎಚ್-1ಬಿ ಅರ್ಜಿ ಹಾಕಬಹುದು. ಮೊದಲ ಅನುಮತಿ ಮತ್ತು ಮೊದಲ ವಿಸ್ತರಣೆ 18 ತಿಂಗಳಷ್ಟೇ. ಕೋಡ್ ಬರೆದರೆ ತೊಂದರೆ ಇಲ್ಲ, ಬದಲಿಗೆ ಅದೇ ಬೇಕು. ಆದರೆ ಲಾಟರಿ: ವರ್ಷಕ್ಕೆ 65 ಸಾವಿರ, ಅಲ್ಲಿ ಸ್ನಾತಕೋತ್ತರ ಓದಿದವರಿಗೆ ಇನ್ನೂ 20 ಸಾವಿರ. ಅದರ ಮೇಲೆ 2025ರ ಸೆಪ್ಟೆಂಬರ್‌ನ ಆದೇಶ, ಹೊರದೇಶದಲ್ಲಿರುವವರ ಹೊಸ ಅರ್ಜಿಗೆ 1 ಲಕ್ಷ ಡಾಲರ್. ನಿಮ್ಮ 4 ಲಕ್ಷದಲ್ಲಿ ಕಾಲು ಭಾಗ ಅಲ್ಲಿಗೇ ಹೋಗುತ್ತದೆ. ಬಿಟ್ಟುಬಿಡಿ.

ಇ-2 (ಹೂಡಿಕೆದಾರರ ವೀಸಾ) ಎಂದು ಯಾರಾದರೂ ಹೇಳಿದರೆ ಕಿವಿ ಮುಚ್ಚಿಕೊಳ್ಳಿ. ಅದು ಒಪ್ಪಂದವಿರುವ ದೇಶಗಳವರಿಗೆ, ಭಾರತ ಆ ಪಟ್ಟಿಯಲ್ಲಿ ಇಲ್ಲ. ಗ್ರೆನಡಾದ ಪೌರತ್ವ ಕೊಂಡು ಆ ದಾರಿಯಲ್ಲಿ ಬರುತ್ತಿದ್ದವರಿಗೂ 2022ರ ಡಿಸೆಂಬರ್‌ನಲ್ಲಿ ತಡೆ ಬಿತ್ತು. ಈಗ ಮೊದಲು ಮೂರು ವರ್ಷ ಆ ದೇಶದಲ್ಲೇ ನೆಲೆಸಿರಬೇಕು.

ಎಂದಾದರೂ ಗ್ರೀನ್ ಕಾರ್ಡ್ ಆಸೆ ಇದ್ದರೆ ಇದನ್ನು ಗೋಡೆಗೆ ಬರೆದುಕೊಳ್ಳಿ: ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ಒಟ್ಟಿನಲ್ಲಿ ಶೇ 7ರ ಮಿತಿ. ಭಾರತದಲ್ಲಿ ಹುಟ್ಟಿದವರ ಇಬಿ-2 (ಉದ್ಯೋಗದ ಮೇಲಿನ ಗ್ರೀನ್ ಕಾರ್ಡಿನ ಎರಡನೇ ವರ್ಗ) ಸಾಲು ಒಂದು ದಶಕಕ್ಕೂ ಹಿಂದೆ ಅರ್ಜಿ ಹಾಕಿದವರ ಬಳಿಯೇ ತೆವಳುತ್ತಿದೆ. ನಾನು ಆ ಸಾಲಿನಲ್ಲಿ ನಿಂತಾಗ ಹುಟ್ಟಿದ ಮಗ ಈಗ ನನಗಿಂತ ಎತ್ತರ. ಮೊದಲ ವರ್ಗವಾದ ಇಬಿ-1ರಲ್ಲಿಯೂ ಸಾಲಿದೆ, ಆದರೆ ಇಷ್ಟು ಉದ್ದವಿಲ್ಲ. ಎಲ್-1ಎಯಲ್ಲಿ ಬಂದ ವ್ಯವಸ್ಥಾಪಕರಿಗೆ ಅದರೊಳಗಿನ ಇಬಿ-1ಸಿ ಬಾಗಿಲು ಇರುವುದು ದೊಡ್ಡ ಅನುಕೂಲ, ಅಮೆರಿಕದ ಕಂಪನಿ ಒಂದು ವರ್ಷವಾದರೂ ವ್ಯವಹಾರ ಮಾಡಿರಬೇಕು ಅಷ್ಟೆ.

ಬಾದಾಮಿ ಹನಿ

ಉದ್ಯಮಿಗಳನ್ನು ತಾತ್ಕಾಲಿಕವಾಗಿ ಒಳಗೆ ಬಿಡುವ ಪೆರೋಲ್ ಯೋಜನೆ ಎಂದು ಹೂಡಿಕೆದಾರರು ಹೇಳುತ್ತಿದ್ದರು. 3 ಲಕ್ಷ ಡಾಲರ್ ಮೇಲೆ ಹೂಡಿಕೆ ಇದ್ದರೆ ಆಗುತ್ತದೆಯಂತೆ?

ಕ್ಯೂನಲ್ಲಿ ನಿಂತವನು

3,11,071 ಡಾಲರ್, 2024ರ ಅಕ್ಟೋಬರ್‌ನಲ್ಲಿ ನಿಗದಿಯಾದದ್ದು. ಸರ್ಕಾರದ ಅನುದಾನವಾದರೆ 1,24,429. ಅನುದಾನ ಎಂದರೆ ಅಮೆರಿಕದ ಸರ್ಕಾರದ್ದು. ನಿಮ್ಮ ಎಲಿವೇಟ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೂಡಿಕೆದಾರರಿಗೂ ಚರಿತ್ರೆ ಬೇಕು: ಅವರು ಹಿಂದೆ ಹಣ ಹಾಕಿದ ಕಂಪನಿಗಳು ಬೆಳೆದಿವೆ ಎಂದು ತೋರಿಸಬೇಕು. ಅದೆಲ್ಲ ಇದ್ದರೂ ಪೆರೋಲ್ ಎಂದರೆ ವೀಸಾ ಅಲ್ಲ, ಸರ್ಕಾರದ ವಿವೇಚನೆ. 2017ರಲ್ಲಿ ಹುಟ್ಟಿದ ಯೋಜನೆ, ಆ ವರ್ಷವೇ ತಡೆಹಿಡಿದರು, ನ್ಯಾಯಾಲಯ ಬದುಕಿಸಿತು, 2018ರಲ್ಲಿ ರದ್ದುಪಡಿಸುವ ಪ್ರಸ್ತಾಪ ತಂದರು, 2021ರಲ್ಲಿ ಆ ಪ್ರಸ್ತಾಪವನ್ನೇ ಹಿಂದಕ್ಕೆ ತೆಗೆದುಕೊಂಡರು. 30 ತಿಂಗಳು, ಮತ್ತೆ ಒಮ್ಮೆ 30 ತಿಂಗಳು. ಅಲ್ಲಿಂದ ನೇರವಾಗಿ ಬೇರೆ ವೀಸಾ ಸ್ಥಿತಿಗೆ ಬದಲಾಗುವಂತಿಲ್ಲ, ದೇಶ ಬಿಟ್ಟು ಮತ್ತೆ ಬರಬೇಕು. ಮಗಳನ್ನು ಶಾಲೆಗೆ ಹಾಕಬೇಕಾದ ಮನೆಗೆ ಈ ಜೋಕಾಲಿ ಬೇಡ.

ಲೆಕ್ಕದ ಪುಸ್ತಕ

ಹುಬ್ಬಳ್ಳಿಯಲ್ಲೇ ಲೆಕ್ಕಪರಿಶೋಧಕನಾಗಿದ್ದೇನೆ. ಇಷ್ಟು ಹೊತ್ತು ಎಲ್ಲರೂ ವೀಸಾ ನೋಡುತ್ತಿದ್ದೀರಿ, ಮೊದಲ ಬರಹದಲ್ಲಿದ್ದ ಒಂದು ಸಾಲನ್ನು ಯಾರೂ ನೋಡಲಿಲ್ಲ. "ಅಲ್ಲಿಯೂ ನಮ್ಮಿಬ್ಬರ ಸ್ವಂತ ಹೆಸರಿನಲ್ಲಿ 60-40."

ಎಲ್-1ಕ್ಕೆ ಎರಡು ಕಂಪನಿಗಳ ನಡುವೆ ರಕ್ತಸಂಬಂಧ ಬೇಕು. ಒಂದು ಇನ್ನೊಂದರ ತಾಯಿಯಾಗಿರಬೇಕು, ಇಲ್ಲವೇ ಎರಡೂ ಒಂದೇ ಜನರ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇರಬೇಕು. ನಿಮ್ಮದು ಇಂದು ಎರಡನೆಯ ಬಗೆ, ಅಕ್ಕ-ತಂಗಿ ಕಂಪನಿಗಳು. ಸರಿ. ನಾಳೆ ಡೆಲವೇರ್‌ಗೆ 4 ಲಕ್ಷ ಡಾಲರ್ ಬಂದು, ಹೂಡಿಕೆದಾರರಿಗೆ ಶೇ 25 ಹೋಯಿತು ಎನ್ನಿ. ನಿಮ್ಮ 60 ಅಲ್ಲಿ 45 ಆಗುತ್ತದೆ, ಹುಬ್ಬಳ್ಳಿಯಲ್ಲಿ 60 ಆಗಿಯೇ ಉಳಿಯುತ್ತದೆ. ಒಡೆಯರ ಗುಂಪು ಬೇರೆಯಾಯಿತು, ಅರ್ಧಕ್ಕಿಂತ ಹೆಚ್ಚು ಪಾಲಿನ ಹಿಡಿತವೂ ತಪ್ಪಿತು. ಅಕ್ಕ-ತಂಗಿಯರ ಸಂಬಂಧ ಅಲ್ಲಿಗೆ ಮುಗಿಯಿತು. ಯಾವ ಹಣಕ್ಕಾಗಿ ನೀವು ವೀಸಾ ಕೇಳುತ್ತಿದ್ದೀರೋ ಆ ಹಣವೇ ವೀಸಾದ ಬುಡ ಕತ್ತರಿಸುತ್ತದೆ.

ಅಲ್ಲಿಯ ವಕೀಲರು ಇದಕ್ಕೆ ಸಾಮಾನ್ಯವಾಗಿ ಹೇಳುವ ಮದ್ದು: ಡೆಲವೇರ್ ತಾಯಿಯಾಗಲಿ, ಹುಬ್ಬಳ್ಳಿ ಮಗಳಾಗಲಿ. ಹೂಡಿಕೆದಾರರಿಗೂ ಅದೇ ಇಷ್ಟ. ಆದರೆ ಎತ್ತು ಏರಿಗೆ, ಕೋಣ ನೀರಿಗೆ. ಭಾರತದ 2022ರ ಸಾಗರೋತ್ತರ ಹೂಡಿಕೆ ನಿಯಮದ ಪ್ರಕಾರ, ಇಲ್ಲಿಯ ನಿವಾಸಿ ವ್ಯಕ್ತಿಯೊಬ್ಬ ತನ್ನ ಹಿಡಿತದಲ್ಲಿರುವ ವಿದೇಶಿ ಕಂಪನಿಯಲ್ಲಿ ನೇರ ಹೂಡಿಕೆ ಮಾಡಬೇಕಾದರೆ ಆ ಕಂಪನಿಗೆ ಅಂಗಸಂಸ್ಥೆ ಇರುವಂತಿಲ್ಲ. ಹುಬ್ಬಳ್ಳಿಯನ್ನು ಅದರ ಕೆಳಗೆ ತಂದ ಕೂಡಲೇ ನಿಯಮಕ್ಕೆ ಎದುರು ನಿಂತಂತೆ. ಅದರ ಜೊತೆ ಹುಬ್ಬಳ್ಳಿಯ ಷೇರು ಕೊಟ್ಟು ಡೆಲವೇರ್ ಷೇರು ಪಡೆಯುವ ವಿನಿಮಯವೂ ಆದಾಯ ತೆರಿಗೆಯ ಲೆಕ್ಕದಲ್ಲಿ ವರ್ಗಾವಣೆಯೇ. ಕೈಗೆ ಒಂದು ರೂಪಾಯಿ ಬಾರದಿದ್ದರೂ ಬಂಡವಾಳ ಲಾಭದ ತೆರಿಗೆ ಬರುತ್ತದೆ.

ನಿಮ್ಮ ಸ್ಥಿತಿಗೆ ತಿರುಗಿಸಿ ನೋಡುವುದು ಮೇಲು. ಹೂಡಿಕೆ ಬರುವ ಮುನ್ನ ಹುಬ್ಬಳ್ಳಿಯ ಕಂಪನಿಯೇ ಡೆಲವೇರ್ ಷೇರುಗಳನ್ನು ನಿಮ್ಮಿಬ್ಬರಿಂದ ಮೌಲ್ಯಮಾಪನ ಮಾಡಿಸಿ ಕೊಳ್ಳಲಿ. ಭಾರತದ ಕಂಪನಿ ತನ್ನ ನಿವ್ವಳ ಮೌಲ್ಯದ ಶೇ 400ರವರೆಗೆ ಸ್ವಯಂಚಾಲಿತ ಮಾರ್ಗದಲ್ಲೇ, ಅಂದರೆ ಮುಂಚಿತ ಅನುಮತಿ ಕೇಳದೆ, ಹೊರಗೆ ಹೂಡಬಹುದು. ಆಮೇಲೆ ಹೂಡಿಕೆದಾರರು ಶೇ 25 ತೆಗೆದುಕೊಂಡರೂ ಹುಬ್ಬಳ್ಳಿಯ ಕೈಯಲ್ಲಿ 75 ಉಳಿಯುತ್ತದೆ. ತಾಯಿ ತಾಯಿಯಾಗಿಯೇ ಇರುತ್ತಾಳೆ. ಹೂಡಿಕೆದಾರರು ಮುಖ ಸಿಂಡರಿಸುವ ಸಾಧ್ಯತೆ ಇದೆ, ಭಾರತದ ಒಡೆತನದ ಕೆಳಗೆ ಹಣ ಹಾಕಲು ಅವರಿಗೆ ಅಷ್ಟು ಪ್ರೀತಿ ಇರುವುದಿಲ್ಲ. ಆ ಮಾತುಕತೆ ಮೊದಲು, ವೀಸಾ ಆಮೇಲೆ.

ಹೋದ ವರ್ಷ ಡೆಲವೇರ್‌ಗೆ ಹಣ ಕಳಿಸಿದಾಗ ಬ್ಯಾಂಕಿಗೆ ಎಫ್‌ಸಿ ನಮೂನೆ ಕೊಟ್ಟಿದ್ದೀರಾ?

ಬಾದಾಮಿ ಹನಿ

ಎಫ್‌ಸಿ ನಮೂನೆ ಎಂದರೆ ಯಾವುದು ಸರ್?

ಲೆಕ್ಕದ ಪುಸ್ತಕ

ಅಯ್ಯೋ. ಹೊರದೇಶದ ಕಂಪನಿಯಲ್ಲಿ ಮಾಡಿದ ಹೂಡಿಕೆಯನ್ನು ಬ್ಯಾಂಕಿನ ಮೂಲಕ ವರದಿ ಮಾಡುವ ಕಾಗದ ಅದು. ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗಿ. ತಡವಾದದ್ದಕ್ಕೆ ಶುಲ್ಕ ಕಟ್ಟಿ ಸರಿಪಡಿಸಿಕೊಳ್ಳಬಹುದು, ಜೈಲು ಇಲ್ಲ. ಆದರೆ ಇದು ಸರಿಯಾಗುವವರೆಗೆ ಒಂದು ಷೇರನ್ನೂ ಅತ್ತಿತ್ತ ಮಾಡಬೇಡಿ. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕೊಡುವ ವಾರ್ಷಿಕ ವರದಿಯೂ ಇದೆ, ಅದನ್ನೂ ಕೇಳಿ ಬನ್ನಿ.

ಸನ್ನಿವೇಲ್ ಸಂಪಿಗೆ

ಲೆಕ್ಕದ ಪುಸ್ತಕದವರು ಹೇಳಿದ್ದನ್ನು ಓದಿ ಸಂತೋಷವಾಯಿತು, ನನ್ನ ವಕೀಲರು ಇದನ್ನು ಎಂದೂ ಹೇಳಿರಲಿಲ್ಲ. ಓ-1ಎಗೆ ಈ ತಾಯಿ-ಮಗಳ ಗೋಜಲೇ ಇಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ಹಾಗೆಯೇ ನಾನು ಬರೆಯದೆ ಬಿಟ್ಟ ಮಾತನ್ನೂ ಹೇಳಬೇಕು.

ಓ-1 ಪಡೆದವರ ಸಂಗಾತಿಗೆ ಸಿಗುವುದು ಓ-3. ಓದಬಹುದು, ಕೆಲಸ ಮಾಡುವಂತಿಲ್ಲ. ನನ್ನ ಗಂಡ ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಕಟ್ಟಡ ವಿನ್ಯಾಸ ಮಾಡುತ್ತಿದ್ದವರು. ಮೂರು ವರ್ಷ ಮನೆಯಲ್ಲಿದ್ದರು. ಅಡುಗೆ ಕಲಿತರು, ಅವರ ಬಿಸಿಬೇಳೆಬಾತ್ ಈಗ ನನ್ನದಕ್ಕಿಂತ ರುಚಿ. ಸಂಜೆ ನಾನು ಬಂದ ಕೂಡಲೇ "ಇವತ್ತು ಏನಾಯಿತು?" ಎಂದು ಕೇಳುವರು. ಮೊದಲ ವರ್ಷ ಅದು ಪ್ರೀತಿಯ ಪ್ರಶ್ನೆ ಎಂದುಕೊಂಡಿದ್ದೆ. ಎರಡನೇ ವರ್ಷ ತಿಳಿಯಿತು, ಆ ದಿನ ಅವರಿಗೆ ಬೇರೆ ಏನೂ ಆಗಿರುತ್ತಿರಲಿಲ್ಲ.

ಎಲ್-1 ಪಡೆದವರ ಸಂಗಾತಿ, ಅಂದರೆ ಎಲ್-2, ಕೆಲಸ ಮಾಡಬಹುದು. 2021ರ ನವೆಂಬರ್‌ನಿಂದ ಅದಕ್ಕೆ ಪ್ರತ್ಯೇಕ ಪರವಾನಗಿಗೆ ಕಾಯುವ ಅಗತ್ಯವೂ ಇಲ್ಲ. ಪ್ರವೇಶದ ದಾಖಲೆಯಲ್ಲಿ ಎಲ್-2ಎಸ್ ಎಂದಿದ್ದರೆ ಸಾಕು. ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ನೀವು ಬರೆಯಲೇ ಇಲ್ಲ.

ಪಂಚಗಂಗಾವಳಿ

ಅವರು ಬರೆಯಲಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ಬಾದಾಮಿ ಹನಿಯ ಹೆಂಡತಿ ನಾನು. ನಿನ್ನೆ ರಾತ್ರಿ ಊಟ ಆರಿಹೋದರೂ ಇವರು ಫೋನ್ ಬಿಡದಿದ್ದಾಗ ಕಸಿದು ನೋಡಿದೆ. ಆಮೇಲೆ ನಾನೇ ಒಂದು ಗಂಟೆಯವರೆಗೆ ಓದಿದೆ.

ನಾನು ಒಂದು ಕಂಪನಿಯಲ್ಲಿ ದತ್ತಾಂಶ ವಿಶ್ಲೇಷಣೆ ಮಾಡುತ್ತೇನೆ. ಒಂಬತ್ತು ವರ್ಷದ ಅನುಭವ. ಇವರ ಕಂಪನಿ ಸಂಬಳ ಕೊಡದ ಎರಡು ವರ್ಷ ಮನೆ ನಡೆದದ್ದು ನನ್ನ ಸಂಬಳದಲ್ಲಿ. ಸಂಪಿಗೆ ಅಕ್ಕ, ನಿಮ್ಮ ಮನೆಯವರ ಮಾತು ಓದಿ ನನಗೆ ನಿದ್ದೆ ಬರಲಿಲ್ಲ.

ನನ್ನದೂ ಎರಡು ಪ್ರಶ್ನೆಗಳಿವೆ. ಒಂದು, ಇವರು ವರ್ಷವಿಡೀ ಅಲ್ಲಿರಬೇಕೇ? ತೋಟಕ್ಕೆ ನೀರು ಬೇಕಾಗುವುದು ಬೇಸಿಗೆಯಲ್ಲಿ. ಬಿ-1ರಲ್ಲಿ, ಅಂದರೆ ವ್ಯವಹಾರದ ಭೇಟಿಯ ವೀಸಾದಲ್ಲಿ, ಹೋಗಿ ಸೆನ್ಸರ್ ಕೂರಿಸಿ ಬಂದರೆ ಆಗದೇ?

ಎರಡು, ಕ್ಯೂನಲ್ಲಿ ನಿಂತವರು ಗ್ರೀನ್ ಕಾರ್ಡ್ ಸಾಲಿಗೆ ಲೆಕ್ಕ ಹುಟ್ಟಿದ ದೇಶ ಎಂದರು. ಪೌರತ್ವ ಅಲ್ಲವೇ? ನಾನು ಹುಟ್ಟಿದ್ದು ಮಸ್ಕತ್‌ನಲ್ಲಿ. ಅಪ್ಪ ಅಲ್ಲಿ ಕೆಲಸದಲ್ಲಿದ್ದರು. ಎರಡು ವರ್ಷದವಳಿದ್ದಾಗ ಕುಂದಾಪುರಕ್ಕೆ ಬಂದೆವು. ಪಾಸ್‌ಪೋರ್ಟ್‌ನಲ್ಲಿ ಜನ್ಮಸ್ಥಳ ಮಸ್ಕತ್ ಎಂದಿರುವುದರಿಂದ ಇದುವರೆಗೆ ಸಿಕ್ಕಿದ್ದು ಹೆಚ್ಚುವರಿ ಪ್ರಶ್ನೆಗಳು ಮಾತ್ರ.

ಕ್ಯೂನಲ್ಲಿ ನಿಂತವನು

ಅಮ್ಮಾ, ನೀವು ಇದನ್ನು ಮೂರು ದಿನ ಮೊದಲೇ ಹೇಳಬಾರದಿತ್ತೇ!

ಪೌರತ್ವ ಅಲ್ಲ, ಹುಟ್ಟಿದ ನೆಲ. ಗಂಡನ ಅರ್ಜಿಯನ್ನು ಹೆಂಡತಿ ಹುಟ್ಟಿದ ದೇಶದ ಲೆಕ್ಕಕ್ಕೆ ಹಾಕಿಸಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ, ಇಬ್ಬರೂ ಒಟ್ಟಿಗೆ ವಲಸೆ ಹೋಗುವುದಾದರೆ. ಅಂದರೆ ನಿಮ್ಮವರು ಭಾರತದ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ಒಮಾನ್ ಲೆಕ್ಕದಲ್ಲಿ ಹೋಗಬಹುದು. ಅಲ್ಲಿಗೆ ಇಬಿ-1ಸಿ ಒಂದೇ ಗತಿ ಎಂಬುದೂ ಇಲ್ಲ. ರಾಷ್ಟ್ರಹಿತದ ಆಧಾರದ ಇಬಿ-2 ಅರ್ಜಿಯನ್ನು ಅವರೇ ಸ್ವತಃ ಹಾಕಿಕೊಳ್ಳಬಹುದು, ಯಾವ ಕಂಪನಿಯೂ ಬೇಡ. ನೀರು ಉಳಿಸುವ ತಂತ್ರಜ್ಞಾನ, ಬರದ ಕ್ಯಾಲಿಫೋರ್ನಿಯಾ. ರಾಷ್ಟ್ರಹಿತ ಎಂದು ವಾದಿಸಲು ಇದಕ್ಕಿಂತ ಒಳ್ಳೆಯ ವಿಷಯ ಎಲ್ಲಿದೆ? ಅಲ್ಲಿಯೂ ಸ್ವಲ್ಪ ಕಾಯಬೇಕಾಗುತ್ತದೆ, ಆದರೆ ನಮ್ಮ ಸಾಲಿಗೆ ಹೋಲಿಸಬೇಡಿ, ನನಗೆ ಹೊಟ್ಟೆ ಉರಿಯುತ್ತದೆ.

ನನ್ನ ಹೆಂಡತಿ ಹುಟ್ಟಿದ್ದು ತಿಪಟೂರಿನಲ್ಲಿ. ಅವಳಿಗೆ ಈ ಚರ್ಚೆಯನ್ನು ತೋರಿಸುವುದಿಲ್ಲ.

ಎರಡನೇ ಇನಿಂಗ್ಸ್

ಬಿ-1 ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸಭೆ, ಮಾತುಕತೆ, ಕರಾರಿಗೆ ಸಹಿ ಇವೆಲ್ಲ ಸರಿ. ಯಂತ್ರ ಕೂರಿಸುವುದಕ್ಕೂ ಒಂದು ಕಿಂಡಿ ಇದೆ: ಅದನ್ನು ಮಾರಿದ್ದು ಅಮೆರಿಕದ ಹೊರಗಿನ ಕಂಪನಿಯಾಗಿರಬೇಕು, ಮಾರಾಟದ ಕರಾರಿನಲ್ಲೇ ಕೂರಿಸಿಕೊಡುವ ಹೊಣೆ ಬರೆದಿರಬೇಕು, ಅದಕ್ಕೆ ವಿಶೇಷ ಜ್ಞಾನ ಬೇಕಾಗಿರಬೇಕು, ಸಂಬಳ ಅಮೆರಿಕದಿಂದ ಬರಬಾರದು. ನಿಮ್ಮ ಗಿರಾಕಿಗಳ ಕರಾರು ಹುಬ್ಬಳ್ಳಿಯ ಹೆಸರಿನಲ್ಲಿದ್ದರೆ ನಡೆದೀತು, ಡೆಲವೇರ್ ಹೆಸರಿನಲ್ಲಿದ್ದರೆ ಇಲ್ಲ. ಹೇಗಿದ್ದರೂ ಅಲ್ಲಿ ಕೂತು ಕಂಪನಿ ನಡೆಸಲು ಬಿ-1 ಅಲ್ಲ. ಈ ಒಂದು ಬೇಸಿಗೆ ದಾಟಲು ಊರುಗೋಲು, ಅಷ್ಟೆ.

ಬಾದಾಮಿ ಹನಿ

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಆದದ್ದಿಷ್ಟು.

ಬ್ಯಾಂಕಿಗೆ ಹೋದೆ. ಎಫ್‌ಸಿ ನಮೂನೆ ಎಂದಾಗ ಕೌಂಟರಿನವರು ನನ್ನಂತೆಯೇ ನೋಡಿದರು. ಕೊನೆಗೆ ವಿದೇಶಿ ವಿನಿಮಯ ವಿಭಾಗದ ಹಿರಿಯರೊಬ್ಬರು ಸಿಕ್ಕಿದರು, ತಡದ ಶುಲ್ಕದ ಲೆಕ್ಕ ಹಾಕಿ ಕೊಡುತ್ತೇನೆ ಎಂದಿದ್ದಾರೆ. ಹೂಡಿಕೆದಾರರ ಜೊತೆ ಮಾತಾಡಿದೆ. ಹುಬ್ಬಳ್ಳಿ ತಾಯಿ ಎಂದ ಕೂಡಲೇ ನಿರೀಕ್ಷಿಸಿದಂತೆ ಮುಖ ಸಿಂಡರಿಸಿದರು. ಆದರೆ ಷೇರು ಹೀಗೆಯೇ ಬಿಟ್ಟರೆ ಎಲ್-1ಎ ದಾರಿ ಮುಚ್ಚುತ್ತದೆ ಎಂದು ಕಾಗದದಲ್ಲಿ ಬರೆದು ತೋರಿಸಿದ ಮೇಲೆ ತಮ್ಮ ವಕೀಲರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಇನ್ನೂ ಹೇಳಿಲ್ಲ. ಒಪ್ಪಿದರೆ ಎಲ್-1ಎ. ಒಪ್ಪದಿದ್ದರೆ ಓ-1ಎಗೆ ಕಾಗದ ಕೂಡಿಸಬೇಕು, ಆ ಮಾತನ್ನು ಮನೆಯಲ್ಲಿ ಎತ್ತಲು ಧೈರ್ಯ ಇನ್ನೂ ಬಂದಿಲ್ಲ. ರಾತ್ರಿ ಎರಡರ ಕರೆಗಳನ್ನು ಇಬ್ಬರು ಹುಡುಗರಿಗೆ ಹಂಚಿದ್ದೇನೆ. ಮೊದಲ ರಾತ್ರಿ ಎಚ್ಚರವಾಗಿ ಫೋನ್ ನೋಡಿದೆ, ಕರೆಯೇ ಬಂದಿರಲಿಲ್ಲ. ಸ್ವಲ್ಪ ಬೇಜಾರೂ ಆಯಿತು.

ಪಂಚಗಂಗಾವಳಿ

ಅಪ್ಪನಿಗೆ ಫೋನ್ ಮಾಡಿ ಜನನ ಪ್ರಮಾಣಪತ್ರ ಹುಡುಕಿಸಿದೆ. ಕುಂದಾಪುರದ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಅಜ್ಜಿಯ ಸೀರೆಗಳ ಕೆಳಗೆ, ಭತ್ತದ ಸೊಸೈಟಿಯ ಪಾಸ್‌ಬುಕ್ಕಿನೊಳಗೆ ಮಡಿಸಿಟ್ಟಿದ್ದರು. ಹಳದಿಯಾಗಿದೆ, ಮಡಿಕೆಯಲ್ಲಿ ಹರಿದಿದೆ, ಪೂರ್ತಿ ಅರಬ್ಬಿಯಲ್ಲಿದೆ. ಸಂಪಿಗೆ ಅಕ್ಕ, ನನ್ನನ್ನು ವಿಮಾನ ಚಾಲಕಿ ಮಾಡದ ಅರಬ್ಬಿ ಅನುವಾದಕರು ಯಾರಾದರೂ ಗೊತ್ತಿದ್ದರೆ ತಿಳಿಸಿ.